ಬಿಳಿ ಉಣ್ಣೆ – ಹನ್ನೊಂದನೆಯ ಕಂತು: ಕಿರುಬೆರಳಿನಷ್ಟು ಸಂದು

ಮುಕಾನ್‌ಗೆ ಎಡಗೈಯ ಕಿರುಬೆರಳು ಇರಲಿಲ್ಲ.

ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಒಂದು ಕುಲುಮೆಯ ಬಾಗಿಲು ಅದನ್ನು ಕತ್ತರಿಸಿ ಹಾಕಿತ್ತು. ಕುಲುಮೆ ಕಟ್ಟುವ ಮೇಸ್ತ್ರಿಗೆ ಅದು ಸಣ್ಣ ನಷ್ಟವಲ್ಲ. ಇಟ್ಟಿಗೆ ಗೋಡೆಯಲ್ಲಿ ಎಲ್ಲೆಲ್ಲಿ ಎಷ್ಟು ಸಂದು ಬಿಡಬೇಕೆಂದು ತಾಸ್‌ಕುದುಕ್ ಊರಿನ ಮೇಸ್ತ್ರಿಗಳೆಲ್ಲ ಕಿರುಬೆರಳು ತೂರಿಸಿಯೇ ನೋಡುತ್ತಿದ್ದರು. ಮುಕಾನ್ ಎಡಚ. ಹೋದ ಬೆರಳಿನ ದಪ್ಪಕ್ಕೆ ಸರಿಯಾಗಿ ಅವನು ಸೇಬಿನ ಮರದ ಒಂದು ಚಕ್ಕೆ ಕೆತ್ತಿಕೊಂಡ. ಅದಕ್ಕೆ ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡ. ನಲವತ್ತಮೂರು ವರ್ಷ ಅದು ಅಲ್ಲೇ ಇತ್ತು.

ಈಗ ಅದು ರೈಖಾನ್‌ಳ ಕೈಯಲ್ಲಿತ್ತು.

"ಇದು ಎಷ್ಟು ದಪ್ಪ ಇದೆ, ಅಜ್ಜಾ?"

"ನನ್ನ ಬೆರಳಷ್ಟು."

"ಹನ್ನೆರಡು ಮಿಲಿಮೀಟರು."

"ಅಳೆದಾಗಿದೆಯಲ್ಲ, ಮತ್ಯಾಕೆ ಕೇಳ್ತೀಯ? ಪೊಲೀಸು ಸೇರಿದ ಮೇಲೆ ಗೊತ್ತಿರೋದನ್ನೇ ಕೇಳೋ ಚಟ ಹತ್ತಿತಾ ನಿಂಗೆ?"

ರೈಖಾನ್ ನಗಲಿಲ್ಲ. ಚಕ್ಕೆಯನ್ನು ಮೇಜಿನ ಮೇಲೆ, ಚಹಾ ಬಟ್ಟಲಿನ ಪಕ್ಕದಲ್ಲಿ ಇಟ್ಟಳು. ಬಾಗಿಲ ಬಳಿ ಒಂದು ಜೊತೆ ದೊಡ್ಡ ಕಂಬಳಿ ಬೂಟುಗಳಿದ್ದವು. ಅವು ಮುಕಾನ್‌ನವಲ್ಲ, ಅವನ ಮಗ ಎಲ್ಜಾಸ್‌ನವು. ಎಲ್ಜಾಸ್ ಸತ್ತು ಇಪ್ಪತ್ತಾರು ದಿನವಾಗಿತ್ತು. ಯಾರೂ ಅವನ್ನು ಎತ್ತಿಟ್ಟಿರಲಿಲ್ಲ.

ಗಣಿಗಳಿಗೆ ಅದಿರು ಅರೆಯುವ ಉಕ್ಕಿನ ಗುಂಡು ಮಾಡುವ ಕಾರ್ಖಾನೆಯ ಎರಡನೆಯ ಕುಲುಮೆ, ಇಟ್ಟಿಗೆಯ ಬದಲು ಬೆಂಕಿ ತಡೆಯುವ ಹೊಸ ಖನಿಜ ಉಣ್ಣೆಯ ಒಳಗೋಡೆ ಹಾಕಿ ಹೊತ್ತಿಸಿದ ಹನ್ನೆರಡನೆಯ ದಿನ, ಉತ್ತರದ ಬದಿಯಲ್ಲಿ ಕೆಂಪಗೆ ಕಾದು, ಪಕ್ಕದ ಅನಿಲದ ಕೊಳವೆಯನ್ನೂ ಸೇರಿಸಿಕೊಂಡು ಸಿಡಿದಿತ್ತು. ಎಲ್ಜಾಸ್ ಸೇರಿ ಮೂವರು ಸತ್ತರು. ಆ ಉಣ್ಣೆಯನ್ನು ಆರಿಸಿ ತರಿಸಿದ್ದ ಇಂಜಿನಿಯರ್ ರೀಟಾ ಲಿಗಾಯ್ ಜೈಲಿನಲ್ಲಿದ್ದಳು.

ಸೋಮವಾರ ಅವಳ ಕಡತ ನ್ಯಾಯಾಲಯಕ್ಕೆ ಹೋಗುತ್ತದೆ. ಇವತ್ತು ಶನಿವಾರ. ಕಡತ ಒಮ್ಮೆ ಹೋಯಿತೆಂದರೆ ಏಳು ವರ್ಷ ಗ್ಯಾರಂಟಿ.

ಕಾರ್ಖಾನೆಯ ನಿರ್ದೇಶಕ ಕಲಿಯೆವ್‌ನ ದೂರು ಚಿಕ್ಕದಾಗಿತ್ತು, ಅಚ್ಚುಕಟ್ಟಾಗಿತ್ತು. ಕೊಂಡದ್ದು ಏಳುನೂರ ಎಂಬತ್ತು ದಿಂಬು. ಉಣ್ಣೆಯ ಆ ಚೌಕ ಕಟ್ಟುಗಳಿಗೆ ಕೆಲಸಗಾರರು ಇಟ್ಟ ಹೆಸರು ಅದು. ಗೋಡೆಯಲ್ಲಿ ಸಿಕ್ಕಿದ್ದು ಏಳುನೂರ ಇಪ್ಪತ್ತರ ಲೆಕ್ಕ. ಅರವತ್ತನ್ನು ರೀಟಾ ಮಾರಿಕೊಂಡಿದ್ದಾಳೆ. ಉಳಿದದ್ದು ಅಗ್ಗದ ಮಾಲು, ಆದ್ದರಿಂದಲೇ ಹನ್ನೆರಡು ದಿನಕ್ಕೆ ಕುಗ್ಗಿ ಹೋಯಿತು. ಕಾರ್ಖಾನೆಯಲ್ಲಿ ಒಂದು ತುಂಡೂ ಉಳಿದಿಲ್ಲ. ಸಹಿ, ಮೊಹರು.

"ಬೆಳಿಗ್ಗೆ ಕುಲುಮೆ ಒಳಗೆ ಹೋಗಿದ್ದೆ," ಎಂದಳು ರೈಖಾನ್. "ಚಿಮಣಿ ಕೆಳಗಿನ ಮೂಲೇಲಿ ಗೋಡೆ ಇನ್ನೂ ನಿಂತಿದೆ. ಅಲ್ಲಿ ಬೆಂಕಿ ಅಷ್ಟು ತಾಗಿಲ್ಲ. ಪ್ರತಿ ದಿಂಬಿನ ಸುತ್ತ ಸಂದಿದೆ. ಎಲ್ಲ ಕಡೆ ಒಂದೇ ಅಳತೆ."

"ಇರಲೇಬೇಕು."

"ನಿಮ್ಮ ಚಕ್ಕೆಯಷ್ಟು."

"ಮತ್ಯಾರದಷ್ಟು ಇರ್ಬೇಕಿತ್ತು? ಆ ಗೋಡೆ ಕಟ್ಟಿದ್ದು ನಾನು, ನನ್ನ ಜನ." ಮುಕಾನ್ ಬಟ್ಟಲು ಕೆಳಗಿಟ್ಟ. "ಬೆಂಕಿಗೆ ಜಾಗ ಬಿಡ್ಬೇಕು ಮಗಳೇ. ಕಾದರೆ ಇಟ್ಟಿಗೆ ಬೆಳೀತದೆ. ಜಾಗ ಇಲ್ದಿದ್ರೆ ಗೋಡೇನೇ ಹೊಟ್ಟೆ ಉಬ್ಬಿಸ್ಕೊಂಡು ಬಿದ್ದೋಗ್ತದೆ. ನನ್ನ ಗುರು ಹಂಗೇ ಹೇಳ್ಕೊಟ್ಟ, ಅವನ ಗುರು ಅವನಿಗೆ ಹೇಳ್ಕೊಟ್ಟಿದ್ದ."

"ರೀಟಾ ಏನು ಹೇಳಿದ್ಲು?"

"ಒತ್ತಿ ಕೂರಿಸಿ ಅಂದ್ಲು. ಗಾಳಿ ಹೋಗದ ಹಾಗೆ ಒತ್ತಿ ಅಂದ್ಲು."

"ಎಷ್ಟು ಸಲ?"

"ಮೂರು ಸಲ." ಮುದುಕ ಮುಖ ಕಿವುಚಿದ. "ಪುಸ್ತಕ ಹಿಡ್ಕೊಂಡು ಹೇಳ್ತಿದ್ಲು. ಕೈ ನೋಡಿದ್ದೀಯಾ ಅವಳದ್ದು? ಒಂದು ಗುಳ್ಳೆ ಇಲ್ಲ. ಆಮೇಲೆ ಕಲಿಯೆವ್ ಅವಳನ್ನ ರಾಜಧಾನಿಗೆ ಕಳಿಸ್ದ, ಇಂಧನ ಉಳಿಸಿದ್ದಕ್ಕೆ ಪ್ರಶಸ್ತಿ ಪತ್ರ ತರೋದಕ್ಕೆ. ಕುಲುಮೆ ಇನ್ನೂ ಹೊತ್ತೇ ಇಲ್ಲ, ಪ್ರಶಸ್ತಿ ಬಂತು! ಆ ನಾಲ್ಕು ದಿನ ನಮ್ಮ ತಲೆ ಮೇಲೆ ಯಾರೂ ಇರ್ಲಿಲ್ಲ. ನಾವು ನಮಗೆ ಗೊತ್ತಿದ್ದ ಹಾಗೆ ಕಟ್ಟಿದ್ವಿ. ಚೆನ್ನಾಗಿ ಕಟ್ಟಿದ್ವಿ."

ಅವನು ಸುಳ್ಳು ಹೇಳುತ್ತಿಲ್ಲ ಎಂಬುದು ರೈಖಾನ್‌ಗೆ ಗೊತ್ತಿತ್ತು. ಸುಳ್ಳು ಹೇಳಿದ್ದರೆ ಅವಳ ಕೆಲಸ ಸುಲಭವಾಗುತ್ತಿತ್ತು.

ಮುಕಾನ್‌ನ ಹೆಂಡತಿ ಕಮಾರ್ ಬಂದು ಬಟ್ಟಲು ತೆಗೆದುಕೊಂಡು, ಅರ್ಧ ಚಹಾ ಹುಯ್ದು, ಹಾಲು ಬೆರೆಸಿ, ಎರಡೂ ಕೈಯಲ್ಲಿ ಕೊಟ್ಟು ಹೋದಳು. ಅಡುಗೆಮನೆಯ ಬಾಗಿಲು ಪೂರ್ತಿ ಮುಚ್ಚಲಿಲ್ಲ.

"ಎಂಥ ಕುಲುಮೆ ಗೊತ್ತಾ ಅದು!" ಮುಕಾನ್ ತನಗೇ ಹೇಳಿಕೊಳ್ಳುವಂತೆ ಮುಂದುವರಿಸಿದ. "ಹಳೇ ಇಟ್ಟಿಗೆ ಕುಲುಮೆ ಕಾಯೋದಕ್ಕೆ ಎರಡು ದಿನ ಬೇಕು. ಬೆಂಕಿನೆಲ್ಲ ಇಟ್ಟಿಗೆನೇ ಕುಡಿದುಬಿಡ್ತದೆ, ಉಕ್ಕಿಗೆ ಮಿಕ್ಕಿದ್ದು ಎಂಜಲು. ಇದು ಮೂರು ತಾಸಿಗೆ ಕಾದು ನಿಂತಿತು. ಮೊದಲ ವಾರ ಅನಿಲದ ಖರ್ಚು ಮೂರರಲ್ಲಿ ಒಂದು ಪಾಲು ಇಳೀತು. ಒಳಗೆ ಉಕ್ಕು ಬಿಳಿ ಆಗಿದ್ರೆ ಹೊರಗೆ ಕವಚಕ್ಕೆ ಬೆನ್ನು ಕೊಟ್ಟು ಕೂರಬಹುದಿತ್ತು. ಎಲ್ಜಾಸ್ ಊಟ ಮುಗಿಸಿ ಅಲ್ಲೇ ಒರಗ್ತಿದ್ದ. ಬೆನ್ನುನೋವಿಗೆ ಒಳ್ಳೇದು ಅಂತಿದ್ದ."

"ಯಾವ ಗೋಡೆಗೆ?"

ಮುದುಕ ಬಾಗಿಲ ಬಳಿಯ ಬೂಟುಗಳ ಕಡೆ ನೋಡಿದ.

ರೈಖಾನ್ ತಂದಿದ್ದ ಚೀಲದಿಂದ ಎರಡು ವಸ್ತು ತೆಗೆದು ಮೇಜಿನ ಮೇಲಿಟ್ಟಳು. ಒಂದು, ಉಣ್ಣೆಯ ದಿಂಬು ಬರುವ ಖಾಲಿ ರಟ್ಟಿನ ಡಬ್ಬ. ಇನ್ನೊಂದು, ಉತ್ತರದ ಗೋಡೆಯಿಂದ ಕಿತ್ತ ಒಂದು ದಿಂಬು. ಅದು ಹಳದಿಗಟ್ಟಿ, ಬಿಸ್ಕತ್ತಿನಂತೆ ಗಡುಸಾಗಿತ್ತು.

"ಡಬ್ಬದ ಒಳಗೆ ಎಷ್ಟಿದೆ, ಅಳೀರಿ."

ಮುಕಾನ್ ಜೇಬಿನಿಂದ ಮಡಿಸುವ ಮರದ ಗಜಕಡ್ಡಿ ತೆಗೆದ. ಮಗ ಸತ್ತ ಮೇಲೂ ಅದು ಅವನ ಜೇಬಿನಲ್ಲೇ ಇತ್ತು. "ಮೂವತ್ತು ಸೆಂಟಿಮೀಟರು."

"ದಿಂಬು?"

ಅವನು ಅಳೆದ. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಅಳೆದ. "ಇಪ್ಪತ್ತೆಂಟೂವರೆ."

"ಡಬ್ಬದೊಳಗೆ ಇಡಿ. ಪಕ್ಕದ ಸಂದೀಲಿ ನಿಮ್ಮ ಚಕ್ಕೆ ತೂರಿಸಿ."

ಮುಕಾನ್ ದಿಂಬನ್ನು ಡಬ್ಬದಲ್ಲಿಟ್ಟು ಒಂದು ಬದಿಗೆ ಸರಿಸಿದ. ಚಕ್ಕೆಯನ್ನು ಸಂದಿಗೆ ಹಿಡಿದ. ಅದು ನಿಲ್ಲಲಿಲ್ಲ. ಅವನ ಬೆರಳುಗಳಿಂದ ಜಾರಿ ಡಬ್ಬದ ತಳಕ್ಕೆ ಬಿತ್ತು.

ಅಡುಗೆಮನೆಯಲ್ಲಿ ಚಮಚದ ಸದ್ದು ನಿಂತಿತು.

"ಇಟ್ಟಿಗೆ ಬೆಳೀತದೆ, ಅಜ್ಜಾ. ಉಣ್ಣೆ ಕುಗ್ಗುತ್ತೆ. ಅದಕ್ಕೇ ಅವಳು ಒತ್ತಿ ಕೂರಿಸಿ ಅಂದಿದ್ದು. ನೀವು ಒಂದು ಬೆರಳು ಬಿಟ್ರಿ. ಕಾದ ಮೇಲೆ ಅದು ಎರಡು ಬೆರಳಾಯ್ತು. ಸಂದೀಲಿ ಬೆಂಕಿ ಹಿಂದಕ್ಕೆ ಹೋಯ್ತು. ಹಿಂದೆ ಹೋದ ಹಾಗೆಲ್ಲ ಉಣ್ಣೆ ಇನ್ನೂ ಕುಗ್ತು. ಹನ್ನೆರಡನೇ ದಿನ ಕವಚಕ್ಕೆ ತಲುಪ್ತು."

"ಮಾಲು ಅಗ್ಗದ್ದು ಅಂತ ಕಲಿಯೆವ್..."

"ಎಂಥ ಮಾಲಾದ್ರೂ ಹಾಗೇ ಆಗ್ತಿತ್ತು."

ಮುಕಾನ್ ಡಬ್ಬದೊಳಗೆ ಕೈ ಹಾಕಿ ಚಕ್ಕೆ ತೆಗೆದ. ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ, ಮತ್ತೆ ಸುತ್ತಿದ.

"ಉತ್ತರದ ಗೋಡೆ ಯಾರು ಕಟ್ಟಿದ್ದು ಅಂತ ಕೇಳ್ಬೇಡ," ಎಂದ.

"ಕೇಳಲ್ಲ."

"ಉಳಿದ ಮೂರನ್ನ ಹುಡುಗರಿಗೆ ಕೊಟ್ಟೆ. ಉರಿ ಜಾಸ್ತಿ ಹೊಡೆಯೋ ಕಡೆ ಅಂತ ಅದೊಂದನ್ನ ನಾನೇ ಇಟ್ಕೊಂಡೆ. ಎಲ್ಜಾಸ್ ನಿಲ್ಲೋದು ಅಲ್ಲೇ, ನನ್ನ ಕೈಯಿಂದಾನೇ ಆಗ್ಲಿ ಅಂತ."

ರೈಖಾನ್ ಪುಸ್ತಕ ತೆರೆದು ಪೆನ್ನು ಹಿಡಿದಳು. ಕಾಯುವುದು ಅವಳ ಕಸುಬು. ಆದರೆ ಈ ಮನೆಯಲ್ಲಿ ಕಾಯುವುದು ಅಸಹ್ಯವೆನ್ನಿಸಿತು.

"ಬರ್ಕೋ," ಎಂದ ಮುಕಾನ್. "ಸಂದು ಬಿಟ್ಟಿದ್ದು ನಾನು. ಸಹಿ ಹಾಕ್ತೀನಿ. ಆ ಹುಡುಗೀನ ಬಿಡಿಸು."

"ನಿಮ್ಮ ಸಹಿ ಸಾಲಲ್ಲ. ಮಗ ಸತ್ತು ತಲೆ ಕೆಟ್ಟಿದೆ ಅಂತಾರೆ. ಅಗ್ಗದ ಮಾಲೂ ಹೌದು, ಸಂದೂ ಹೌದು ಅಂತಾರೆ. ಸುಟ್ಟ ಉಣ್ಣೆ ನೋಡಿ ಅದು ಯಾವ ದರ್ಜೆ ಅಂತ ಯಾವ ಪ್ರಯೋಗಾಲಯವೂ ಹೇಳಲ್ವಂತೆ. ಬೆಂಕಿ ಕಾಣದ ಉಣ್ಣೆ ಬೇಕು, ಅದೇ ಸರಕಿನದ್ದು. ಒಂದು ತುಂಡು ಸಾಕು. ಆ ಅರವತ್ತು ದಿಂಬು ಎಲ್ಲಿ ಹೋಯ್ತು ಅನ್ನೋದೂ ಬೇಕು."

"ಎಲ್ಲಿ ಹೋಯ್ತು ಅಂದ್ರೆ?" ಮುಕಾನ್ ನಿಜವಾಗಿಯೂ ಅಚ್ಚರಿಗೊಂಡ. "ಎಲ್ಲೂ ಹೋಗಿಲ್ಲ. ಮಿಕ್ತು."

"ಮಿಕ್ತು?"

"ಒಂದೊಂದು ದಿಂಬಿಗೆ ಒಂದು ಬೆರಳು ಬಿಟ್ಟರೆ ಕೊನೇಲಿ ಮಿಗಲ್ವಾ? ಅರವತ್ತು ಮಿಕ್ತು. ಹಂಚಿದೆ."

ರೈಖಾನ್‌ಳ ಪೆನ್ನು ನಿಂತಿತು.

"ಸರ್ಕಿತ್ ಕೊಟ್ಟೆ ಮಗಳೇ. ಔತಣ ಮುಗಿದ ಮೇಲೆ ಮಿಕ್ಕಿದ್ದನ್ನ ಕಟ್ಟಿ ಕೊಡದೆ ಯಾರನ್ನಾದ್ರೂ ಕಳಿಸ್ತೀವಾ? ಕುಲುಮೆ ಮುಗೀತು, ಮಿಕ್ಕಿದ್ದು ಊರಿಗೆ. ನನ್ನ ಗುರು ಕಾಲದಲ್ಲಿ ಮಿಕ್ಕಿದ ಇಟ್ಟಿಗೇಲಿ ಅರ್ಧ ಊರಿನ ಒಲೆ ಆಗಿದ್ವು. ಕದ್ದಿದ್ದಲ್ಲ. ಹಗಲು ಹೊತ್ತಲ್ಲಿ, ಗೇಟಿನ ಮುಂದೇನೇ ಕೊಟ್ಟಿದ್ದು. ವಿಧವೆಯರಿಗೆ, ಮುದುಕರಿಗೆ. ಮಡಿಕೆ ಬಿಚ್ಚಿದ್ರೆ ಒಂದು ದಿಂಬು ಮೂರು ಮೀಟರ್ ಪಟ್ಟಿ ಆಗ್ತದೆ. ಒಲೆಯ ಹೊಗೆಕೊಳವೆಗೆ ಸುತ್ತಬಹುದು, ಬಾಗಿಲಿಗೆ ಹೊಡೀಬಹುದು. ನಿಮ್ಮಮ್ಮಂಗೂ ಕೊಟ್ಟೆ."

ಡಿಸೆಂಬರಿನಲ್ಲಿ ಅಮ್ಮ ಹೇಳಿದ್ದು ರೈಖಾನ್‌ಗೆ ನೆನಪಾಯಿತು. 'ಮುಕಾನ್ ಏನೋ ಬಿಳಿ ಬಟ್ಟೆ ಕೊಟ್ಟ ಕಣೇ, ದಿನಕ್ಕೆ ಅರ್ಧ ಬಕೆಟ್ ಕಲ್ಲಿದ್ದಲು ಉಳೀತಿದೆ.' ರೈಖಾನ್ ಆ ಹೊಗೆಕೊಳವೆಯ ಪಕ್ಕದಲ್ಲೇ ಎರಡು ತಿಂಗಳು ಮಲಗಿದ್ದಳು. ಅದು ಏನೆಂದು ಒಮ್ಮೆಯೂ ಕೇಳಿರಲಿಲ್ಲ. ಮನೆ ಬೆಚ್ಚಗಿತ್ತು, ಅಷ್ಟೇ.

"ಹೆಸರು ಹೇಳಿ, ಅಜ್ಜಾ. ಯಾರ್‍ಯಾರಿಗೆ?"

ಮುಕಾನ್ ಹೇಳುತ್ತ ಹೋದ. ಕಟುಕ ಸೆಯಿಲ್‌ಖಾನ್. ಬಸ್ ನಿಲ್ದಾಣದ ಕುರುಡಿ. ಗಣಿಯಲ್ಲಿ ಶ್ವಾಸಕೋಶ ಕಳೆದುಕೊಂಡ ಇಬ್ಬರು ಅಣ್ಣತಮ್ಮಂದಿರು. ಶಾಲೆಯ ಕಾವಲುಗಾರ. ಅವನಿಗೆ ಬೀದಿ, ಮನೆ, ಸಾಲು ಎಲ್ಲ ನೆನಪಿತ್ತು. ಅವನು ಹೆಸರುಗಳನ್ನೂ ಇಟ್ಟಿಗೆ ಇಟ್ಟಂತೆ ಒಂದರ ಪಕ್ಕ ಒಂದು ಇಡುತ್ತಿದ್ದ. ರೈಖಾನ್ ಬರೆಯುತ್ತಲೇ ಇದ್ದಳು.

ಒಂದು ಸಂಗತಿ ಅವಳ ಕಣ್ಣಿಗೆ ಬಿತ್ತು. ಅವಳ ಬಟ್ಟಲು ಖಾಲಿಯಾಗಿ ಬಹಳ ಹೊತ್ತಾಗಿತ್ತು, ಕಮಾರ್ ಬಂದಿರಲಿಲ್ಲ. ಈ ಊರಿನಲ್ಲಿ ಅತಿಥಿಯ ಬಟ್ಟಲು ಖಾಲಿ ನಿಲ್ಲುವುದಿಲ್ಲ. ಅಡುಗೆಮನೆಯ ಬಾಗಿಲು ಈಗ ಪೂರ್ತಿ ಮುಚ್ಚಿತ್ತು. ಒಳಗೆ ಪಿಸುಮಾತು ಕೇಳುತ್ತಿತ್ತು. ಮುದುಕಿ ಅಳುತ್ತಿರಬಹುದು ಎಂದುಕೊಂಡು ರೈಖಾನ್ ಬರೆಯುವುದನ್ನು ಮುಂದುವರಿಸಿದಳು.

"ಮೂವತ್ತೆಂಟು ಮನೆ," ಎಂದ ಮುಕಾನ್. "ಮನೆಗೊಂದು."

"ಅರವತ್ತರಲ್ಲಿ ಮೂವತ್ತೆಂಟು. ಇನ್ನು ಇಪ್ಪತ್ತೆರಡು?"

"ಅದು ಒಂದೇ ಕಡೆ ಹೋಯ್ತು. ಮೊದಲ ಪಾಲು. ಔತಣದಲ್ಲಿ ಕುರಿಯ ತಲೆ ಯಾರ ಮುಂದೆ ಇಡ್ತೀವಿ ನಾವು? ಎಲ್ಲರಿಗಿಂತ ದೊಡ್ಡವನ ಮುಂದೆ. ಹಂಗೆ."

"ಯಾರಿಗೆ?"

ಬಾಗಿಲು ತೆರೆಯಿತು. ಕಮಾರ್ ಒಂದು ಬಟ್ಟಲು ಹಿಡಿದು ಬಂದು ರೈಖಾನ್‌ಳ ಮುಂದಿಟ್ಟಳು. ಚಹಾ ಅಂಚಿನವರೆಗೂ ತುಂಬಿತ್ತು. ತಟ್ಟೆಗೂ ಚೆಲ್ಲಿತ್ತು.

ಅರ್ಧ ಬಟ್ಟಲು ಎಂದರೆ ಕೂತಿರು ಎಂದು. ತುಂಬಿದ ಬಟ್ಟಲಿನ ಅರ್ಥ ಗೊತ್ತಿಲ್ಲದ ಮಗುವೂ ಆ ಊರಲ್ಲಿಲ್ಲ.

"ಅಜ್ಜಿ, ಒಂದೇ ಒಂದು ಹೆಸರು. ಆಮೇಲೆ ಅಜ್ಜನ ಸಹಿ."

"ಅವರಿಗೆ ಮಾತ್ರೆ ತಗೊಳ್ಳೋ ಹೊತ್ತು. ಕುಡಿದು ಹೊರಡು."

"ಕಮಾರ್, ಹೇಳೋದಕ್ಕೆ ಬಿಡು..."

"ನೀವು ಬಾಯಿ ಮುಚ್ಚಿ." ಕಮಾರ್ ಗಂಡನ ಕಡೆ ನೋಡದೆ ಹೇಳಿದಳು. "ಒಬ್ಬನನ್ನ ಕುಲುಮೆಗೆ ಕೊಟ್ಟಾಯ್ತು. ಇನ್ನೊಬ್ಬನನ್ನ ಜೈಲಿಗೆ ಕೊಡಲ್ಲ. ನಿಮ್ಮಮ್ಮನ ಎದೆಹಾಲು ಬತ್ತಿದಾಗ ನಿಂಗೆ ಹಾಲು ಕೊಟ್ಟೋಳು ನಾನು, ರೈಖಾನ್. ಎದ್ದೇಳು."

ರೈಖಾನ್ ಎದ್ದಳು. ಸಹಿ ಆಗಲಿಲ್ಲ.

ಜೀಪಿನ ಇಂಜಿನ್ ಹತ್ತಲು ಒಂದೂವರೆ ಗಂಟೆ ಹಿಡಿಯಿತು. ಚಳಿ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಕ್ಕೆ ಇಳಿದಿತ್ತು. ಆದರೂ ಅವಳೊಳಗೆ ಏನೋ ಹಗುರವಾಗಿತ್ತು. ಸಹಿ ನಾಳೆಯೂ ಸಿಗಬಹುದು. ಉಣ್ಣೆ ಇದೆ. ಅಮ್ಮನ ಮನೆಯ ಗೋಡೆಯಲ್ಲೇ ಇದೆ, ಬೆಂಕಿ ಕಾಣದ್ದು, ಪಟ್ಟಿಯ ಅಂಚಿನಲ್ಲಿ ಸರಕಿನ ಸಂಖ್ಯೆ ಅಚ್ಚಾಗಿರುವುದು. ಒಂದು ತುಂಡು ಸಾಕು. ರೀಟಾ ಹೊರಬರುತ್ತಾಳೆ. ಕಳೆದ ಭೇಟಿಯಲ್ಲಿ ರೀಟಾ ಕೇಳಿದ್ದು ಒಂದೇ ಪ್ರಶ್ನೆ: 'ಒತ್ತಿ ಕೂರಿಸಿದ್ರಾ ಇಲ್ವಾ, ಅಷ್ಟು ಹೇಳಿ. ನಂಗೆ ರಾತ್ರಿ ಅದೇ ಯೋಚನೆ.'

ದಾರಿಯಲ್ಲಿ ಎರಡು ಕೈಗಾಡಿಗಳು ಎದುರಾದವು. ಎರಡೂ ಖಾಲಿ. ತಳ್ಳುತ್ತಿದ್ದವರು ಅವಳನ್ನು ಕಂಡು ತಲೆ ತಗ್ಗಿಸಿದರು. ಚಳಿಗೆ ಇರಬಹುದು ಎಂದುಕೊಂಡಳು.

ಅಮ್ಮನ ಮನೆಯ ಬಾಗಿಲು ತೆಗೆದಾಗ ಒಳಗೂ ಉಸಿರು ಹೊಗೆಯಾಗಿ ಕಂಡಿತು.

ಒಲೆ ಉರಿಯುತ್ತಿತ್ತು. ಅಮ್ಮ ಉಲ್ಬೊಸಿನ್ ಓವರ್‌ಕೋಟು ಹಾಕಿಕೊಂಡು ಅದರ ಮುಂದೆ ಮುಕ್ಕಾಲಿಯ ಮೇಲೆ ಕೂತಿದ್ದಳು. ಹಿಂದೆ ಹೊಗೆಕೊಳವೆ ಬೆತ್ತಲಾಗಿತ್ತು. ಅದು ಗೋಡೆ ದಾಟುವ ಕಡೆ ತಲೆ ತೂರುವಷ್ಟು ತೂತು, ತೂತಿನ ಆಚೆ ಹಿಮ. ಕಿತ್ತ ಮೊಳೆಗಳು ನೆಲದ ಮೇಲೆ ಬಿದ್ದಿದ್ದವು.

"ಉಣ್ಣೆ ಎಲ್ಲಮ್ಮಾ?"

"ಯಾವ ಉಣ್ಣೆ?"

"ಅಮ್ಮಾ."

"ಕುರಿ ಮಾರಿ ಮೂವತ್ತು ವರ್ಷ ಆಯ್ತು. ನನ್ನ ಹತ್ರ ಉಣ್ಣೆ ಎಲ್ಲಿಂದ ಬರ್ಬೇಕು?"

ರೈಖಾನ್ ತೂತಿನ ಬಳಿ ಹೋಗಿ ಕೈಯಾಡಿಸಿದಳು. ಒಂದು ಎಳೆಯೂ ಇರಲಿಲ್ಲ. ಅಮ್ಮ ಗುಡಿಸಿದ್ದಳು. ಒದ್ದೆ ಬಟ್ಟೆಯಲ್ಲಿ ಒರೆಸಿಯೂ ಇದ್ದಳು, ಗೋಡೆಯ ಮೇಲೆ ನೀರು ಹೆಪ್ಪುಗಟ್ಟಿತ್ತು.

"ಕಮಾರ್ ಅಜ್ಜಿ ಫೋನ್ ಮಾಡಿದ್ರಾ?"

"ಮಾಡಿದ್ರೆ ಏನೀಗ? ಫೋನ್ ಇರೋದು ಮಾಡೋಕೆ."

"ಎಲ್ಲಿ ಹಾಕಿದ್ರಿ?"

ಉಲ್ಬೊಸಿನ್ ಒಲೆಗೆ ಒಂದು ಕಲ್ಲಿದ್ದಲು ಹಾಕಿದಳು. "ಹಳೇ ಗಣಿ ಬಾವೀಲಿ. ನಾನ್ನೂರು ಮೀಟರ್ ಆಳ, ಕೆಳಗೆ ನೀರು. ಹೋಗಿ ತನಿಖೆ ಮಾಡ್ಕೋ."

"ಎಲ್ರೂ?"

"ಎಲ್ರೂ. ಸೆಯಿಲ್‌ಖಾನ್ ನಿಂತು ಎಣಿಸ್ದ. ಮೂವತ್ತೆಂಟು ಗಂಟು. ಬಸ್ ನಿಲ್ದಾಣದ ಕುರುಡೀನೂ ಬಂದಿದ್ಲು, ಕೈ ಹಿಡ್ಕೊಂಡು ಕರ್ಕೊಂಡೋದ್ವಿ."

"ಏನು ಮಾಡಿದ್ದೀರಿ ಗೊತ್ತಾ ನಿಮಗೆ? ಅದು ರೀಟಾನ ಬಿಡಿಸೋ ಸಾಕ್ಷಿ!"

"ಮುಕಾನ್‌ನ ಹಿಡಿಸೋ ಸಾಕ್ಷೀನೂ ಹೌದಲ್ಲ?"

"ಅವನಿಗೆ ಎಪ್ಪತ್ತೊಂದು. ಗೊತ್ತಿಲ್ದೆ ಮಾಡಿದ್ದು. ಅವನನ್ನ ಒಳಗೆ ಹಾಕಲ್ಲ, ನಾನು ನೋಡ್ಕೋತಿದ್ದೆ."

"ನೀನು ನೋಡ್ಕೋತೀಯಾ!" ಉಲ್ಬೊಸಿನ್ ನಕ್ಕಳು. ಒಳ್ಳೆಯ ನಗುವಲ್ಲ. "ನಿಮ್ಮಪ್ಪ ಸತ್ತ ಗಣಿ ತನಿಖೇನೂ ಯಾರೋ ನೋಡ್ಕೋತೀನಿ ಅಂದಿದ್ದ. ಪಂಪು ಓಡಿಸೋನನ್ನ ಒಳಗೆ ಹಾಕಿದ್ರು."

"ಆ ಹುಡುಗೀಗೂ ಒಬ್ಬಳು ಅಮ್ಮ ಇದಾಳೆ."

"ಇರ್ಲಿ. ಅವಳಮ್ಮನ ಊರಲ್ಲಿ ಇಷ್ಟು ಚಳಿ ಇಲ್ಲ."

ರೈಖಾನ್ ಮುಕಾನ್‌ನ ಮನೆಗೆ ಫೋನ್ ಮಾಡಿದಳು. ಕಮಾರ್ ಎತ್ತಿದಳು. ಮಲಗಿದ್ದಾರೆ ಎಂದಳು. ಎದ್ದ ಮೇಲೂ ನಿನಗೆ ಮಲಗೇ ಇರ್ತಾರೆ ಎಂದು ಸೇರಿಸಿ ಇಟ್ಟುಬಿಟ್ಟಳು.

ಅಮ್ಮ ಹಳೆಯ ರಗ್ಗಿನ ತುಂಡನ್ನು ತೂತಿಗೆ ತುರುಕಲು ನೋಡುತ್ತಿದ್ದಳು. ಅವಳ ಕೈಗೆ ಎಟುಕುತ್ತಿರಲಿಲ್ಲ. ರೈಖಾನ್ ಅದನ್ನು ಕಸಿದುಕೊಂಡು ತಾನೇ ತುರುಕಿದಳು. ಎರಡು ನಿಮಿಷಕ್ಕೆ ರಗ್ಗು ಹಲಗೆಯಂತೆ ಸೆಡೆತುಕೊಂಡಿತು.

ಫೋನ್ ರಿಂಗಾಯಿತು. ಕರ್ನಲ್ ಬೈದಿಲ್ದಿನ್, ಅವಳ ಮೇಲಧಿಕಾರಿ. ಅವನ ಸಹಿಯಿಲ್ಲದೆ ಈ ಜಿಲ್ಲೆಯಲ್ಲಿ ಒಂದು ಕೋಳಿಗೂಡನ್ನೂ ಶೋಧಿಸುವಂತಿರಲಿಲ್ಲ.

"ಏನಮ್ಮಾ, ರಜಾ ದಿನಾನೂ ಮುದುಕರನ್ನ ಗೋಳು ಹುಯ್ಕೋತಿದ್ದೀಯಂತೆ?" ಅವನ ದನಿ ಗುಂಯ್‌ಗುಟ್ಟುತ್ತಿತ್ತು. ಹಿಂದೆ ನೀರು ಚುಸ್ಸೆನ್ನುವ ಸದ್ದು, ಯಾರದೋ ನಗು. "ಸೋಮವಾರದ ಕಾಗದಕ್ಕೆ ಸಹಿ ಹಾಕಿದ್ಯಾ?"

"ಇಲ್ಲ ಸರ್. ಎಲ್ಲಿದ್ದೀರಿ?"

"ಶನಿವಾರ ಎಲ್ಲಿರ್ತೀನಿ? ಕಲಿಯೆವ್ ಮನೆ ಉಗಿಸ್ನಾನದಲ್ಲಿ. ಏನ್ ಉಗಿಮನೆ ಮಾಡ್ಸಿದಾನೆ ಮಾರಾಯ್ತಿ! ಬೆಳಿಗ್ಗೆ ಮೂರು ಕೊರಡು ಸೌದೆ ಹಾಕಿದ್ದಂತೆ. ಈಗ ನಾಲ್ಕು ಗಂಟೆ, ಇನ್ನೂ ಬಿಸಿಗೆ ಕೂರೋಕಾಗ್ತಿಲ್ಲ. ಹೊರಗಡೆ ಗೋಡೆ ಮುಟ್ಟಿದ್ರೆ ಐಸು."

ರೈಖಾನ್‌ಗೆ ಮುಕಾನ್‌ನ ಮಾತು ನೆನಪಾಯಿತು. ಔತಣದಲ್ಲಿ ಕುರಿಯ ತಲೆ ಯಾರ ಮುಂದೆ ಇಡುತ್ತಾರೆ?

"ಗೋಡೆ ಒಳಗೆ ಏನು ಹಾಕಿದ್ದಾರೆ, ಸರ್?"

ನೀರಿನ ಸದ್ದು ನಿಂತಿತು. ನಗುವೂ ನಿಂತಿತು.

"ಏನ್ ಹಾಕ್ತಾರೆ?" ಎಂದ ಕರ್ನಲ್. "ಹಲಗೆ. ಅದೂ ಹಳೇದಾಯ್ತಂತೆ. ನಾಳೆ ಬೆಳಿಗ್ಗೆ ಎಲ್ಲ ಕೀಳಿಸ್ತಾನಂತೆ, ಬಡಗಿ ಬರ್ತಾನೆ. ಕೊನೇ ಸಲ ಕೂತ್ಕೊಂಡು ಹೋಗಿ ಅಂತ ಕರೆದ. ನೀನು ಎಲ್ಲಿದ್ದೀಯ ರೈಖಾನ್?"

"ಅಮ್ಮನ ಮನೇಲಿ."

"ಅಲ್ಲೇ ಇರು."

ಕರೆ ಕಡಿಯಿತು. ಶೋಧಕ್ಕೆ ಸಹಿ ಹಾಕಬೇಕಾದ ಮನುಷ್ಯ ಇಪ್ಪತ್ತೆರಡು ದಿಂಬು ಉಣ್ಣೆಗೆ ಬರಿಬೆನ್ನು ಒರಗಿಸಿ ಕೂತಿದ್ದ.

ಕಿಟಕಿಯಲ್ಲಿ ಬೆಳಕು ಇಳಿಯುತ್ತಿತ್ತು. ಗುಡ್ಡದ ಮೇಲೆ ಕಲಿಯೆವ್‌ನ ಮನೆಯ ಹಿಂದಿನ ಚಿಮಣಿಯಿಂದ ತೆಳ್ಳನೆಯ ಹೊಗೆ, ಉಳಿತಾಯದ ಹೊಗೆ, ನೆಟ್ಟಗೆ ಏಳುತ್ತಿತ್ತು. ಅಮ್ಮ ಕೋಟಿನ ಮೇಲೆ ಇನ್ನೊಂದು ಶಾಲು ಹೊದ್ದಳು.

ರೈಖಾನ್ ಪುಸ್ತಕ ತೆರೆದು, ಸಹಿಯಿಲ್ಲದ ಹೆಸರುಗಳ ಕೆಳಗೆ ಬರೆದಳು. ಸತ್ತವರು ಮೂವರು. ಕುಲುಮೆ ಒಂದು. ಬೆಂಕಿಗೆ ಹೋದ ದಿಂಬು ಏಳುನೂರ ಇಪ್ಪತ್ತು. ಬಾವಿಗೆ ಹೋದದ್ದು ಮೂವತ್ತೆಂಟು. ಉಳಿದದ್ದು ಇಪ್ಪತ್ತೆರಡು, ನಾಳೆ ಬೆಳಿಗ್ಗೆಯವರೆಗೆ.